ಒಂದು ಬೀಜ, ಎರಡು ಮೊಳಕೆ



ನಿಮ್ಮ ಹಿತ್ತಲಲ್ಲಿ ಅಥವಾ ಶಾಲೆಯ ಕೈತೋಟದಲ್ಲಿ ನೀವು ಸೂರ್ಯಕಾಂತಿ, ಚೆಂಡು ಹೂವು, ಜಿನಿಯಾ ಬೀಜಗಳನ್ನು ಊರಿರುತ್ತೀರಿ. ನಾಲ್ಕೈದು ದಿನ ಕಳೆದ ಮೇಲೆ ಮಣ್ಣು ಬಿರಿದು ಮೊಳಕೆಗಳು ತಲೆ ಎತ್ತುತ್ತವೆ. ಆಗ ಒಂದು ಗುಣಿಯಲ್ಲಿ ಒಂದರ ಬದಲು ಎರಡು ಸಸಿಗಳು ಒತ್ತಿಕೊಂಡು ಬಂದಿರುವುದು ಕಾಣುತ್ತದೆ ಎಂದುಕೊಳ್ಳಿ. ನೀವು ಊರಿದ್ದು ಒಂದೇ ಬೀಜ ಎಂಬುದು ನಿಮಗೆ ಚೆನ್ನಾಗಿ ನೆನಪಿದೆ. ಎರಡರಲ್ಲಿ ಒಂದು ದಪ್ಪಗಿದೆ, ಇನ್ನೊಂದು ಸಣಕಲಾಗಿದೆ. ನೋಡಿದ ಹಿರಿಯರು ಏನೆನ್ನುತ್ತಾರೆ? "ಸಣ್ಣದನ್ನು ಕಿತ್ತು ಒಗೆ, ದೊಡ್ಡದು ಚಲೋ ಬೆಳೀತೈತಿ" ಎನ್ನುತ್ತಾರೆ.

ಬೆಳೆಯ ಲೆಕ್ಕದಲ್ಲಿ ಆ ಮಾತು ಸರಿಯೇ. ಸಸಿಗಳು ಒತ್ತಾದರೆ ನೀರು, ಗೊಬ್ಬರ, ಬಿಸಿಲಿಗಾಗಿ ಒಂದಕ್ಕೊಂದು ಪೈಪೋಟಿ ನಡೆಸುತ್ತವೆ. ಆದರೆ ವಿಜ್ಞಾನದ ಲೆಕ್ಕವೇ ಬೇರೆ. ಕೀಳುವ ಮುನ್ನ ಸ್ವಲ್ಪ ತಡೆಯಿರಿ. ಕಿತ್ತು ಒಗೆಯಲು ಹೊರಟ ಆ ಸಣಕಲು ಸಸಿಯೇ ಕೆಲವೊಮ್ಮೆ ಸಸ್ಯ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕುವ ವಸ್ತುವಾಗಿರುತ್ತದೆ. ಅದು ಹೇಗೆ ಎಂದು ಒಂದೊಂದೇ ಹೆಜ್ಜೆಯಾಗಿ ತಿಳಿಯೋಣ.

ನಿಜವಾಗಿಯೂ ಒಂದೇ ಬೀಜವೇ?

ಮೊದಲ ಪ್ರಶ್ನೆ ಇದು. ನಾವು ಬೀಜ ಎಂದು ಕರೆಯುವುದೆಲ್ಲ ಒಂದೇ ಬೀಜವಲ್ಲ. ಅಡುಗೆಮನೆಯ ಡಬ್ಬಿಯಿಂದ ಒಂದು ಹವೀಜದ ಕಾಳು ತೆಗೆದುಕೊಂಡು ಅಂಗೈಯಲ್ಲಿ ತಿಕ್ಕಿ ನೋಡಿ. ಅದು ಎರಡು ಹೋಳಾಗುತ್ತದೆ. ಅದು ಕೊತ್ತಂಬರಿ ಗಿಡದ ಹಣ್ಣು. ಪ್ರತಿ ಹೋಳಿನಲ್ಲೂ ಒಂದೊಂದು ಬೀಜವಿದೆ. ಇದಕ್ಕಾಗಿಯೇ ಕೊತ್ತಂಬರಿ ಬಿತ್ತುವವರು ಹವೀಜವನ್ನು ಮೊದಲು ತಿಕ್ಕಿ ಒಡೆದುಕೊಳ್ಳುತ್ತಾರೆ. ಒಡೆಯದೆ ಇಡಿಯಾಗಿ ಬಿತ್ತಿದರೆ ಒಂದೇ ಕಡೆ ಎರಡು ಸಸಿಗಳು ಬರುತ್ತವೆ.

ಬೀಟ್‌ರೂಟ್‌ನ ಬೀಜ ಎಂದು ಅಂಗಡಿಯಲ್ಲಿ ಕೊಡುವುದು ಹಲವು ಹಣ್ಣುಗಳು ಒಟ್ಟಾಗಿ ಅಂಟಿಕೊಂಡ ಗಂಟು. ಅದರಿಂದ ಎರಡು ಮೂರು ಸಸಿಗಳು ಹುಟ್ಟಿದರೆ ಆಶ್ಚರ್ಯವಿಲ್ಲ. ಬೋರೆ ಹಣ್ಣಿನ ಗಟ್ಟಿ ಓಟೆಯನ್ನು ಒಡೆದರೆ ಎಷ್ಟೋ ಸಲ ಒಳಗೆ ಎರಡು ಬೀಜಗಳು ಸಿಗುತ್ತವೆ. ಕಲಘಟಗಿ ಕಡೆಯ ಕಾಡುಗಳಲ್ಲಿರುವ ಸಾಗವಾನಿ ಮರದ ಕಾಯಿಯಲ್ಲಿ ನಾಲ್ಕು ಬೀಜಗಳವರೆಗೆ ಇರಬಹುದು.

ಇವೆಲ್ಲ ತೋರಿಕೆಯ ಅವಳಿಗಳು. ಒಂದೇ ಮನೆಯಲ್ಲಿದ್ದ ಬೇರೆ ಬೇರೆ ಬೀಜಗಳಿಂದ ಹುಟ್ಟಿದವು. ನಿಜವಾದ ಅವಳಿ ಎಂದರೆ ಒಂದೇ ಬೀಜದ ಸಿಪ್ಪೆಯೊಳಗಿಂದ ಎರಡು ಸಸಿಗಳು ಬರಬೇಕು. ಅದನ್ನು ತಿಳಿಯಲು ಬೀಜದೊಳಗೆ ಇಣುಕಬೇಕು.

ಬೀಜದೊಳಗೆ ಮಲಗಿರುವುದು ಯಾರು?

ರಾತ್ರಿ ನೆನೆಸಿಟ್ಟ ಒಂದು ಕಡಲೆ ಕಾಳಿನ ಸಿಪ್ಪೆ ಸುಲಿಯಿರಿ. ಎರಡು ಬೇಳೆಗಳು ಕಾಣುತ್ತವೆ. ಇವು ಬೀಜದಳಗಳು. ಅವೆರಡರ ನಡುವೆ ಪುಟ್ಟದಾದ ಒಂದು ಮೂತಿ ಇದೆಯಲ್ಲವೇ? ಅದರ ಒಂದು ತುದಿ ಬೇರಾಗುತ್ತದೆ, ಇನ್ನೊಂದು ತುದಿ ಕಾಂಡವಾಗುತ್ತದೆ. ಬೇಳೆಗಳೂ ಮೂತಿಯೂ ಸೇರಿದ ಈ ಎಳೆಗಿಡವೇ ಭ್ರೂಣ. ಬೀಜ ಎಂದರೆ ಬುತ್ತಿ ಕಟ್ಟಿಕೊಂಡು ಮಲಗಿರುವ ಒಂದು ಎಳೆಗಿಡ.

ಈ ಭ್ರೂಣ ಹುಟ್ಟುವುದು ಹೂವಿನಲ್ಲಿ. ಹೂವಿನ ಅಂಡಾಶಯದಲ್ಲಿ ಅಂಡಕಗಳಿರುತ್ತವೆ. ಪ್ರತಿ ಅಂಡಕದ ಒಳಗೆ ಒಂದು ಅಂಡಕೋಶವಿರುತ್ತದೆ. ಪರಾಗದಿಂದ ಬಂದ ಗಂಡು ಕೋಶವು ಅಂಡಕೋಶದೊಂದಿಗೆ ಸೇರಿದಾಗ ಯುಗ್ಮಜ ಉಂಟಾಗುತ್ತದೆ. ಆ ಒಂದು ಕೋಶವೇ ಎರಡಾಗಿ, ನಾಲ್ಕಾಗಿ, ನೂರಾರಾಗಿ ಭ್ರೂಣವಾಗುತ್ತದೆ. ಅಂಡಕವು ಬೀಜವಾಗುತ್ತದೆ.

ಸಾಮಾನ್ಯವಾಗಿ ಒಂದು ಬೀಜಕ್ಕೆ ಒಂದು ಭ್ರೂಣ. ಆದರೆ ಕೆಲವು ಬೀಜಗಳಲ್ಲಿ ಎರಡೋ ಹಲವೋ ಭ್ರೂಣಗಳಿರುತ್ತವೆ. ಇದಕ್ಕೆ ಬಹುಭ್ರೂಣತೆ ಎನ್ನುತ್ತಾರೆ. ಇದನ್ನು ಮೊದಲು ಗಮನಿಸಿದವರು ಹಾಲೆಂಡ್ ದೇಶದ ಲೀವೆನ್‌ಹುಕ್. ಸೂಕ್ಷ್ಮದರ್ಶಕದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡವರು ಎಂದು ಪಾಠದಲ್ಲಿ ಓದುತ್ತೀರಲ್ಲ, ಅವರೇ. 1719ರಲ್ಲಿ ಅವರು ಕಿತ್ತಳೆ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದನ್ನು ತಿಳಿಸಿದರು.

ಹೆಚ್ಚಿನ ಭ್ರೂಣ ಬಂದದ್ದು ಎಲ್ಲಿಂದ? ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲ ದಾರಿ: ಒಂದೇ ಭ್ರೂಣ ಒಡೆದು ಎರಡಾಗುವುದು

ಯುಗ್ಮಜದಿಂದ ಹುಟ್ಟಿದ ಎಳೆಯ ಭ್ರೂಣವು ಬೆಳೆಯುವಾಗ ಎರಡಾಗಿ ಬೇರೆಯಾಗಬಹುದು. ಆಗ ಹುಟ್ಟುವ ಎರಡು ಸಸಿಗಳಿಗೂ ಒಂದೇ ಗುಣಗಳು. ನಿಮ್ಮ ಶಾಲೆಯಲ್ಲಿ ಗುರುತೇ ಸಿಗದಷ್ಟು ಒಂದೇ ಥರ ಇರುವ ಅವಳಿ ಮಕ್ಕಳಿದ್ದರೆ ಅವರು ಹುಟ್ಟಿದ್ದೂ ಹೀಗೆಯೇ.

ಈ ದಾರಿಯನ್ನು ವಿವರವಾಗಿ ತೋರಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ಕನ್ನಡದ ಬಿ.ಜಿ.ಎಲ್. ಸ್ವಾಮಿ. 1918ರಲ್ಲಿ ಹುಟ್ಟಿದ ಇವರು ಡಿ.ವಿ. ಗುಂಡಪ್ಪನವರ ಮಗ. 'ಹಸುರು ಹೊನ್ನು' ಎಂಬ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಬಹಳ ಜನ ಅವರನ್ನು ಲೇಖಕರೆಂದು ಬಲ್ಲರು. ಆದರೆ ಅವರು ಸಸ್ಯಗಳ ಭ್ರೂಣಗಳ ಬಗೆಗೆ ಆಳವಾಗಿ ಕೆಲಸ ಮಾಡಿದ ವಿಜ್ಞಾನಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

1943ರಲ್ಲಿ ಅವರು ಯೂಲೋಫಿಯಾ ಎಂಬ ಆರ್ಕಿಡ್ ಜಾತಿಯ ಸಸ್ಯವೊಂದರ ಬೀಜಗಳಲ್ಲಿ ಅವಳಿ ಭ್ರೂಣಗಳು ಹುಟ್ಟುವ ಬಗೆಯನ್ನು ವರದಿ ಮಾಡಿದರು. ಆ ಒಂದೇ ಸಸ್ಯದಲ್ಲಿ ಅವರಿಗೆ ಮೂರು ಬಗೆಗಳು ಕಂಡವು. ಕೆಲವು ಬೀಜಗಳಲ್ಲಿ ಯುಗ್ಮಜವು ಅಡ್ಡಾದಿಡ್ಡಿಯಾಗಿ ವಿಭಜನೆಗೊಂಡು ಕೋಶಗಳ ಮುದ್ದೆಯಾಗಿ, ಆ ಮುದ್ದೆಯಿಂದ ಹಲವು ಭ್ರೂಣಗಳು ಎದ್ದಿದ್ದವು. ಕೆಲವದರಲ್ಲಿ ಎಳೆಯ ಭ್ರೂಣದ ಪಕ್ಕದಲ್ಲಿ ಮೊಗ್ಗಿನಂತೆ ಇನ್ನೊಂದು ಭ್ರೂಣ ಮೂಡಿತ್ತು. ಇನ್ನು ಕೆಲವದರಲ್ಲಿ ದಾರದಂತಿದ್ದ ಭ್ರೂಣವು ಕವಲೊಡೆದು ಪ್ರತಿ ಕವಲೂ ಒಂದೊಂದು ಭ್ರೂಣವಾಗಿತ್ತು. ಆರ್ಕಿಡ್ ಬೀಜ ಧೂಳಿನ ಕಣದಷ್ಟು ಚಿಕ್ಕದು. ಅಂತಹ ಬೀಜದೊಳಗಿನ ಭ್ರೂಣ ಕವಲೊಡೆಯುವುದನ್ನು ನೋಡಿ ಗುರುತಿಸಬೇಕಾದರೆ ಎಷ್ಟು ತಾಳ್ಮೆ ಬೇಕು, ಯೋಚಿಸಿ.

ಎರಡನೆಯ ದಾರಿ: ತಾಯಿಯ ಕೋಶದಿಂದಲೇ ಭ್ರೂಣ

ಅಂಡಕದ ಒಳಗೆ ಅಂಡಕೋಶದ ಸುತ್ತ ತಾಯಿಗಿಡದ್ದೇ ಆದ ಕೋಶಗಳ ಪದರವಿದೆ. ಕೆಲವು ಸಸ್ಯಗಳಲ್ಲಿ ಈ ಪದರದ ಕೋಶಗಳೂ ಭ್ರೂಣಗಳಾಗಿ ಬೆಳೆಯುತ್ತವೆ. ಜರ್ಮನಿಯ ಸ್ಟ್ರಾಸ್‌ಬರ್ಗರ್ ಎಂಬ ವಿಜ್ಞಾನಿ 1878ರಲ್ಲಿ ಇದನ್ನು ವಿವರಿಸಿದರು. ಈ ಭ್ರೂಣಗಳಲ್ಲಿ ಪರಾಗ ಕೊಟ್ಟ ಗಿಡದ ಪಾಲು ಏನೂ ಇಲ್ಲ. ಆದ್ದರಿಂದ ಅವುಗಳಿಂದ ಬೆಳೆದ ಗಿಡಗಳು ತಾಯಿಯ ತದ್ರೂಪುಗಳು.

ನಮ್ಮ ಮನೆಗಳಲ್ಲಿ ಬಳಸುವ ಸಣ್ಣ ನಿಂಬೆಹಣ್ಣಿನ ಬೀಜಗಳು ಹೀಗೆಯೇ. ಕೊಡಗಿನ ಕಿತ್ತಳೆಯ ಬೀಜ, ನೇರಳೆಯ ಬೀಜಗಳಲ್ಲೂ ಹಲವು ಭ್ರೂಣಗಳಿರುತ್ತವೆ. ಚಕ್ಕೋತ ಹಣ್ಣು ನಿಂಬೆಯ ಬಳಗದ್ದೇ ಆದರೂ ಅದರ ಬೀಜದಲ್ಲಿ ಇರುವುದು ಒಂದೇ ಭ್ರೂಣ.

ಮಾವಿನಲ್ಲಿ ಎರಡೂ ಬಗೆಗಳಿವೆ. ಧಾರವಾಡ, ಕಲಘಟಗಿ ಕಡೆಯ ತೋಟಗಳ ಆಪೂಸ್ ಮಾವಿನ ಓಟೆಯಿಂದ ಬರುವುದು ಒಂದೇ ಸಸಿ. ಆ ಸಸಿ ದೊಡ್ಡದಾದ ಮೇಲೆ ಆಪೂಸ್‌ನಂತಹ ಹಣ್ಣನ್ನೇ ಕೊಡುತ್ತದೆಂಬ ಭರವಸೆ ಇಲ್ಲ, ಏಕೆಂದರೆ ಅದರಲ್ಲಿ ತಂದೆಯ ಪಾಲೂ ಇದೆ. ಅದಕ್ಕಾಗಿಯೇ ಕಸಿ ಕಟ್ಟುತ್ತಾರೆ. ಪಶ್ಚಿಮ ಕರಾವಳಿಯ ಓಲೂರು, ಚಂದ್ರಕಾರನ್, ಬಪ್ಪಕಾಯಿ ಎಂಬ ಮಾವುಗಳ ಓಟೆಯಿಂದಾದರೋ ಹಲವು ಸಸಿಗಳು ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯ ತದ್ರೂಪುಗಳಾದ್ದರಿಂದ ಒಂದೇ ಸಮನಾಗಿ ಬೆಳೆಯುತ್ತವೆ. ಕಸಿ ಕಟ್ಟಲು ಬೇರಿನ ಗಿಡಗಳಾಗಿ ಇಂತಹ ಸಸಿಗಳು ಬಹಳ ಉಪಯುಕ್ತ.

ಮೂರನೆಯ ದಾರಿ: ಪಕ್ಕದ ಕೋಶ ಎಚ್ಚರಗೊಳ್ಳುವುದು

ಈಗ ನಮ್ಮ ಎರೆಭೂಮಿಗೆ ಬರೋಣ. ಕುಂದಗೋಳ ತಾಲೂಕಿನ ಯರಗುಪ್ಪಿಯ ಸುತ್ತಮುತ್ತ ಹತ್ತಿ, ಮೆಣಸಿನಕಾಯಿ, ಕಡಲೆ ಬೆಳೆಯುವುದನ್ನು ನೀವು ನೋಡಿದ್ದೀರಿ. ನಮ್ಮ ಕಡೆ ಹಿಂಗಾರಿ ಬೆಳೆಗಳ ಜೊತೆಗೆ ಅಗಸಿ ಬೆಳೆಯುವ ರೂಢಿಯೂ ಹಿಂದಿನಿಂದ ಇದೆ. ರೊಟ್ಟಿಯ ಜೊತೆ ಅಗಸಿ ಹಿಂಡಿ ತಿನ್ನದವರು ನಮ್ಮಲ್ಲಿ ಯಾರಿದ್ದಾರೆ? ನೀಲಿ ಹೂ ಬಿಡುವ ಈ ಪುಟ್ಟ ಗಿಡವು ಅವಳಿ ಸಸಿಗಳ ವಿಷಯದಲ್ಲಿ ಜಗತ್ತಿಗೇ ಹೆಸರಾದದ್ದು.

1933ರಲ್ಲಿ ಜರ್ಮನಿಯ ಕಾಪರ್ಟ್ ಎಂಬ ವಿಜ್ಞಾನಿ ಅಗಸಿಯಲ್ಲಿ ಅವಳಿ ಸಸಿಗಳು ಹುಟ್ಟುವ ಗುಣವು ಒಂದು ತಲೆಮಾರಿನಿಂದ ಮುಂದಿನ ತಲೆಮಾರಿಗೆ ಸಾಗುತ್ತದೆ ಎಂದು ತೋರಿಸಿದರು. ಅಂತಹ ಅವಳಿಗಳಲ್ಲಿ ಒಂದು ಎಂದಿನ ಸಸಿ, ಇನ್ನೊಂದು ಸಣ್ಣದು ಎಂಬ ಜೋಡಿಗಳು ಕಂಡುಬರುತ್ತವೆ. ಏಕೆ ಹೀಗೆ?

ಪ್ರತಿ ಕೋಶದಲ್ಲೂ ವರ್ಣತಂತುಗಳೆಂಬ ಸೂಕ್ಷ್ಮ ಎಳೆಗಳಿವೆ. ಗಿಡದ ಬಹುತೇಕ ಗುಣಗಳು ಇವುಗಳ ಮೂಲಕವೇ ಮಕ್ಕಳಿಗೆ ಬರುತ್ತವೆ. ಅಗಸಿಯ ಕೋಶದಲ್ಲಿ 30 ವರ್ಣತಂತುಗಳು. ಅದರಲ್ಲಿ 15 ತಾಯಿಯಿಂದ, 15 ತಂದೆಯಿಂದ. ಅಂಡಕೋಶದಲ್ಲಿ 15 ಮಾತ್ರ ಇರುತ್ತವೆ. ಪರಾಗದ ಕೋಶ ಬಂದು ಸೇರಿದಾಗ 30 ಆಗುತ್ತದೆ. ಅಂಡಕೋಶದ ಪಕ್ಕದಲ್ಲೇ ಅದಕ್ಕೆ ನೆರವಾಗುವ ಬೇರೆ ಕೋಶಗಳೂ ಇವೆ. ಅವುಗಳಲ್ಲೂ ಇರುವುದು 15 ಮಾತ್ರ. ಸಾಮಾನ್ಯವಾಗಿ ಇವು ಕೆಲಸ ಮುಗಿದ ಮೇಲೆ ನಾಶವಾಗುತ್ತವೆ. ಅಪರೂಪಕ್ಕೆ ಇಂತಹ ಒಂದು ಕೋಶ ಪರಾಗದೊಂದಿಗೆ ಸೇರದೆಯೇ ತಾನೇ ಭ್ರೂಣವಾಗಿ ಬೆಳೆಯುತ್ತದೆ. ಹೀಗೆ ಹುಟ್ಟಿದ ಸಸಿಯಲ್ಲಿ ಅರ್ಧದಷ್ಟೇ ವರ್ಣತಂತುಗಳಿರುತ್ತವೆ. ಇಂತಹ ಗಿಡಕ್ಕೆ ಏಕಗುಣಿತ ಸಸ್ಯ ಎಂದು ಹೆಸರು.

ಅಗಸಿಯಷ್ಟೇ ಅಲ್ಲ. 1936ರಲ್ಲಿ ಹಾರ್ಲೆಂಡ್ ಎಂಬ ವಿಜ್ಞಾನಿ ಸೀ ಐಲ್ಯಾಂಡ್ ಎಂಬ ಉದ್ದ ಎಳೆಯ ಹತ್ತಿಯ ಅವಳಿ ಸಸಿಗಳಲ್ಲಿ ಏಕಗುಣಿತಗಳಿರುವುದನ್ನು ತಿಳಿಸಿದರು. ಮೆಣಸಿನ ಗಿಡದ ಅವಳಿ ಸಸಿಗಳಲ್ಲೂ ಏಕಗುಣಿತಗಳು ಸಿಕ್ಕಿವೆ. ಮೆಣಸಿನ ಗಿಡಕ್ಕೆ 24 ವರ್ಣತಂತುಗಳಾದರೆ ಅದರ ಏಕಗುಣಿತಕ್ಕೆ 12. ಹಾಗೆಂದು ಪ್ರತಿಯೊಂದು ಅವಳಿಯಲ್ಲೂ ಏಕಗುಣಿತ ಇರುತ್ತದೆ ಎಂದು ತಿಳಿಯಬೇಡಿ. ಎರಡೂ ಎಂದಿನ ಸಸಿಗಳಾಗಿರುವ ಜೋಡಿಗಳೂ ಇವೆ. ಸಸಿ ಸಣ್ಣದಿದೆ ಎಂಬ ಮಾತ್ರಕ್ಕೆ ಅದು ಏಕಗುಣಿತ ಎಂದು ಹೇಳಲಾಗದು. ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ಎಣಿಸಿದಾಗಲೇ ಅದು ಖಚಿತವಾಗುತ್ತದೆ.

ಸಣಕಲು ಸಸಿಗೆ ಏಕೆ ಇಷ್ಟು ಬೆಲೆ?

ಏಕಗುಣಿತ ಗಿಡ ಕುಳ್ಳಗೆ, ಸಣ್ಣ ಎಲೆಗಳಿಂದ ಬೆಳೆಯುತ್ತದೆ. ಹೂ ಬಿಟ್ಟರೂ ಬೀಜ ಕಟ್ಟುವುದು ಬಹಳ ಕಡಿಮೆ. ರೈತರಿಗೆ ಅದರಿಂದ ಏನು ಸಿಗುತ್ತದೆ? ನೇರವಾಗಿ ಏನೂ ಇಲ್ಲ. ಆದರೆ ಹೊಸ ತಳಿ ಮಾಡುವವರಿಗೆ ಅದು ಚಿನ್ನ.

1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು 'ವರಲಕ್ಷ್ಮಿ' ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ತಳಿ ಅದು. ಇಂತಹ ಹೈಬ್ರಿಡ್ ಬೀಜ ಪ್ರತಿವರ್ಷ ಒಂದೇ ರೀತಿ ಬರಬೇಕಾದರೆ ಅದರ ತಂದೆ ಗಿಡಗಳೂ ತಾಯಿ ಗಿಡಗಳೂ ಶುದ್ಧವಾಗಿರಬೇಕು. ಅಂದರೆ ಅವುಗಳ ಬೀಜ ಬಿತ್ತಿದರೆ ಬರುವ ಗಿಡಗಳೆಲ್ಲ ಒಂದೇ ಥರ ಇರಬೇಕು. ಹೀಗೆ ಶುದ್ಧಗೊಳಿಸಲು ಒಂದು ಗಿಡದ ಹೂವಿಗೆ ಅದರದೇ ಪರಾಗ ಕೊಟ್ಟು, ಆರೇಳು ತಲೆಮಾರು ಆರಿಸುತ್ತಾ ಹೋಗಬೇಕಾಗುತ್ತದೆ. ವರ್ಷಕ್ಕೊಂದು ಬೆಳೆ ಎಂದರೆ ಆರೇಳು ವರ್ಷ! ನೀವು ಒಂದನೆಯ ತರಗತಿಯಲ್ಲಿದ್ದಾಗ ಶುರುಮಾಡಿದ ಕೆಲಸ ಏಳನೆಯ ತರಗತಿಗೆ ಬಂದಾಗ ಮುಗಿಯುತ್ತದೆ.

ಏಕಗುಣಿತ ಸಸಿ ಸಿಕ್ಕರೆ ಈ ದಾರಿ ಬಹಳ ಹತ್ತಿರವಾಗುತ್ತದೆ. ಅದರಲ್ಲಿ ಇರುವುದು ಒಂದೇ ಕಂತೆ ವರ್ಣತಂತು. ಕಾಲ್ಚಿಸಿನ್ ಎಂಬ ವಸ್ತುವನ್ನು ಬಳಸಿ ಆ ಕಂತೆಯನ್ನು ಎರಡಾಗಿಸಬಹುದು ಎಂದು 1937ರಿಂದ ಗೊತ್ತಿದೆ. ಎರಡೂ ಕಂತೆಗಳು ಒಂದರ ಪಡಿಯಚ್ಚು ಇನ್ನೊಂದು. ಆದ್ದರಿಂದ ಗಿಡ ಒಂದೇ ಹೆಜ್ಜೆಗೆ ಶುದ್ಧವಾಯಿತು. ಈಗ ಅದು ಬೀಜವನ್ನೂ ಕಟ್ಟುತ್ತದೆ. ಕಾಲ್ಚಿಸಿನ್ ಬಹಳ ವಿಷಕಾರಿ, ಅದು ಪ್ರಯೋಗಶಾಲೆಯವರು ಮಾತ್ರ ಬಳಸುವ ವಸ್ತು.

ಅವಳಿ ಸಸಿ ಸಿಗುವವರೆಗೂ ಕಾಯುತ್ತ ಕೂರಲು ಆಗುತ್ತದೆಯೇ? 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಸತೀಶ್ ಚಂದ್ರ ಮಾಹೇಶ್ವರಿ ಅವರು ದತ್ತೂರಿ ಜಾತಿಯ ಒಂದು ಗಿಡದ ಪರಾಗಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಪರಾಗದಿಂದಲೇ ಭ್ರೂಣಗಳು ಹುಟ್ಟುವಂತೆ ಮಾಡಿದರು. ಬೇಲಿಯ ಬದಿಯಲ್ಲಿ ಬೆಳೆಯುವ ದತ್ತೂರಿಯಿಂದ ನಮ್ಮ ದೇಶದಲ್ಲಿ ಶುರುವಾದ ಈ ವಿಧಾನವನ್ನು ನಂತರ ಜಗತ್ತಿನ ಹಲವು ದೇಶಗಳವರು ಭತ್ತ, ಗೋಧಿ ಮುಂತಾದ ಬೆಳೆಗಳಲ್ಲಿ ಬಳಸಿದರು.

ಅಂಟಿಕೊಂಡ ಸಸಿಗಳು

ಕೆಲವೊಮ್ಮೆ ಸಸಿಗಳು ಪೂರ್ತಿ ಎರಡಾಗಿರುವುದಿಲ್ಲ, ಪೂರ್ತಿ ಒಂದೂ ಆಗಿರುವುದಿಲ್ಲ. ಆಗ ಮಣ್ಣನ್ನು ಮೆಲ್ಲಗೆ ಸರಿಸಿ, ಬೇರು, ಕಾಂಡ, ಬೀಜದಳಗಳನ್ನು ಎಣಿಸಿ.

ಬೇರು ಎರಡು, ಬೀಜದಳ ನಾಲ್ಕು, ಬೀಜದ ಸಿಪ್ಪೆ ಮಾತ್ರ ಒಂದು ಎಂದಾದರೆ ಅವು ಅವಳಿಗಳು.

ಬೀಜದಳ ನಾಲ್ಕಿದ್ದು, ಕಾಂಡ ಪಟ್ಟಿಯಂತೆ ಚಪ್ಪಟೆಯಾಗಿದ್ದರೆ ಎರಡು ಭ್ರೂಣಗಳು ಎಳವೆಯಲ್ಲೇ ಅಂಟಿಕೊಂಡಿರಬಹುದು.

ಬೇರು ಒಂದು, ಕಾಂಡ ಒಂದು, ಬೀಜದಳ ಮೂರು ಎಂದಾದರೆ ಅದು ಒಂದೇ ಸಸಿ. ಅದಕ್ಕೆ ಒಂದು ದಳ ಹೆಚ್ಚಾಗಿದೆ ಅಷ್ಟೇ. ಚೆಂಡು ಹೂವು, ಜಿನಿಯಾ, ಸೂರ್ಯಕಾಂತಿಗಳಲ್ಲಿ ಹುಡುಕಿದರೆ ಇಂತಹ ಸಸಿಗಳು ಆಗಾಗ ಕಣ್ಣಿಗೆ ಬೀಳುತ್ತವೆ.

ಬೇರು ಒಂದು, ಬೀಜದಳ ಎರಡು, ಆದರೆ ಕಾಂಡ ಎರಡು ಎಂದಾದರೆ ಬೆಳೆಯುವ ತುದಿಗೆ ಏಟು ಬಿದ್ದಿರಬಹುದು. ಕಡಲೆ ಹೊಲದಲ್ಲಿ ಪಲ್ಯಕ್ಕೆಂದು ಕುಡಿ ಚಿವುಟುತ್ತಾರಲ್ಲ, ಆಮೇಲೆ ಗಿಡದ ಬದಿಗಳಿಂದ ಹೊಸ ಟಿಸಿಲುಗಳು ಒಡೆಯುತ್ತವೆ. ಹುಳು ತಿಂದು ತುದಿ ಹೋದ ಸಸಿಯಲ್ಲೂ ನಡೆಯುವುದು ಇದೇ. ಇದು ಅವಳಿಯಲ್ಲ, ಕವಲು.

ಚಪ್ಪಟೆ ಕಾಂಡದ ಇನ್ನೊಂದು ಉದಾಹರಣೆ ಕೋಳಿಜುಟ್ಟಿನ ಹೂವು. ಗಿಡದ ಬೆಳೆಯುವ ತುದಿ ಸಾಮಾನ್ಯವಾಗಿ ಒಂದು ಚುಕ್ಕಿಯಷ್ಟಿರುತ್ತದೆ. ಕೋಳಿಜುಟ್ಟಿನಲ್ಲಿ ಆ ಚುಕ್ಕಿ ಗೆರೆಯಂತೆ ಅಗಲವಾಗಿ ಹರಡುತ್ತದೆ. ಆದ್ದರಿಂದಲೇ ಹೂವು ಹುಂಜದ ಜುಟ್ಟಿನಂತೆ ಮಡಿಕೆ ಮಡಿಕೆಯಾಗಿ ಕಾಣುತ್ತದೆ. ಅಲ್ಲಿ ಎರಡು ಗಿಡಗಳು ಅಂಟಿಕೊಂಡಿಲ್ಲ. ಒಂದೇ ಗಿಡದ ತುದಿ ಅಗಲವಾಗಿದೆ.

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳು ಹುಟ್ಟುತ್ತವೆ ಎಂದು ಕೆಲವರು ಹೇಳುವುದನ್ನು ನೀವು ಕೇಳಿರಬಹುದು. ಅದು ನಿಜವಲ್ಲ. ಅಂಟಿಕೊಂಡ ಹಣ್ಣು, ಅವಳಿ ಸಸಿ ಇವೆಲ್ಲ ಆ ಗಿಡದೊಳಗೆ ನಡೆದ ಬೆಳವಣಿಗೆಯ ಫಲ. ತಿಂದವರಿಗೂ ಬೆಳೆಸಿದವರಿಗೂ ಅದರಿಂದ ಒಳಿತು ಕೆಡುಕು ಏನೂ ಇಲ್ಲ.

ಮಾಡಿ ನೋಡಿ

1. ಹಣ್ಣಾದ ಸಣ್ಣ ನಿಂಬೆಹಣ್ಣುಗಳಿಂದ 20 ಬೀಜಗಳನ್ನು ತೆಗೆದು ತೊಳೆಯಿರಿ. 10 ಬೀಜಗಳ ಹೊರಸಿಪ್ಪೆಯನ್ನೂ ಅದರೊಳಗಿನ ತೆಳು ಪೊರೆಯನ್ನೂ ಉಗುರಿನಿಂದ ಬಿಡಿಸಿ. ಒಳಗೆ ದೊಡ್ಡ ಚಿಕ್ಕ ತುಂಡುಗಳು ಒತ್ತಿಕೊಂಡಿರುವುದನ್ನು ನೋಡಿ. ಒಂದು ಭ್ರೂಣಕ್ಕೆ ಎರಡು ಬೇಳೆಗಳಿರುತ್ತವೆ ಎಂಬುದು ನೆನಪಿರಲಿ. ಎಷ್ಟು ಭ್ರೂಣಗಳಿವೆ, ಎಣಿಸಿ. ಉಳಿದ 10 ಬೀಜಗಳನ್ನು ಒಣಗಲು ಬಿಡದೆ ಅದೇ ದಿನ ಕುಂಡದಲ್ಲಿ ಒಂದು ಗೇಣಿಗೊಂದರಂತೆ ಊರಿ. ಕೆಲವು ವಾರಗಳಲ್ಲಿ ಮೊಳಕೆ ಬರುತ್ತದೆ. ಪ್ರತಿ ಬೀಜದಿಂದ ಎಷ್ಟು ಸಸಿ ಬಂದವು? ಬಿಡಿಸಿದಾಗ ಕಂಡ ಲೆಕ್ಕಕ್ಕೂ ಇದಕ್ಕೂ ಹೋಲಿಸಿ. ಭ್ರೂಣಗಳೆಲ್ಲ ಸಸಿಗಳಾದವೇ?

2. ಹುರಿಯದ ಅಗಸಿ ಬೀಜ 100 ಎಣಿಸಿಕೊಳ್ಳಿ. ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಒಂದಕ್ಕೊಂದು ತಾಗದಂತೆ ಹರಡಿ. ನೀರು ತಾಗಿದಾಗ ಅಗಸಿ ಲೋಳೆಯಾಗುತ್ತದೆ, ಹೆದರಬೇಡಿ. ಮೊಳಕೆ ಬಂದ ಮೇಲೆ ಒಂದೇ ಸಿಪ್ಪೆಯಿಂದ ಎರಡು ಬೇರುಗಳು ಹೊರಟಿವೆಯೇ ನೋಡಿ. ಅವಳಿ ಅಪರೂಪ. ಒಂದೂ ಸಿಗದಿದ್ದರೆ '100ರಲ್ಲಿ 0' ಎಂದೇ ಬರೆಯಿರಿ. ವಿಜ್ಞಾನದಲ್ಲಿ ಸೊನ್ನೆಯೂ ಒಂದು ಉತ್ತರವೇ. ತರಗತಿಯ 20 ಮಕ್ಕಳು ಸೇರಿದರೆ 2000 ಬೀಜಗಳಾಗುತ್ತವೆ, ಆಗ ಸಿಗುವ ಸಾಧ್ಯತೆ ಹೆಚ್ಚು.

3. ಅವಳಿ ಸಸಿ ಸಿಕ್ಕರೆ ಎರಡನ್ನೂ ಮಣ್ಣಿನ ಸಮೇತ ಮೆಲ್ಲಗೆ ಬಿಡಿಸಿ, ಬೇರೆ ಬೇರೆ ಕುಂಡದಲ್ಲಿ ನೆಡಿ. ಸಣ್ಣದಕ್ಕೆ ಗುರುತು ಹಾಕಿ. ವಾರಕ್ಕೊಮ್ಮೆ ಎತ್ತರ ಅಳೆಯಿರಿ, ಎಲೆಗಳನ್ನು ಎಣಿಸಿ. ಹೂ ಯಾವಾಗ ಬಿಟ್ಟಿತು, ಬೀಜ ಕಟ್ಟಿತೇ ಇಲ್ಲವೇ ಎಂದು ದಿನಾಂಕದ ಸಮೇತ ಬರೆದಿಡಿ. ಚಿತ್ರವನ್ನೂ ಬಿಡಿಸಿ. ಗಿಡ ಹೂ ಬಿಟ್ಟು ಬೀಜ ಕಟ್ಟದಿದ್ದರೆ ಗುರುಗಳಿಗೆ ತೋರಿಸಿ. ಅವರ ಮೂಲಕ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಬಹುದು.

ಒತ್ತಾಗಿ ಬೆಳೆದ ಸಸಿಗಳನ್ನು ಹೊಲದಲ್ಲಿ ಕೀಳಲೇಬೇಕಾಗುತ್ತದೆ. ಕೀಳಿ, ಆದರೆ ನೋಡದೆ ಕೀಳಬೇಡಿ. ಬೇರು ಎಷ್ಟು, ದಳ ಎಷ್ಟು, ಸಿಪ್ಪೆ ಎಷ್ಟು ಎಂದು ಎಣಿಸಲು ಒಂದು ನಿಮಿಷ ಸಾಕು.

ಯೋಚಿಸಿ ಉತ್ತರಿಸಿ

ಅ. ನಿಂಬೆಯ ಒಂದೇ ಬೀಜದಿಂದ ಮೂರು ಸಸಿಗಳು ಬಂದವು. ಮೂರೂ ಒಂದೇ ಥರ ಇರಲೇಬೇಕೇ? ಏಕೆ?

ಆ. ಹತ್ತಿಯ ಕೋಶದಲ್ಲಿ 52 ವರ್ಣತಂತುಗಳಿವೆ. ಅದರ ಏಕಗುಣಿತ ಸಸಿಯಲ್ಲಿ ಎಷ್ಟು?

ಇ. ಹವೀಜದ ಒಂದು ಇಡೀ ಕಾಳಿನಿಂದ ಎರಡು ಸಸಿಗಳು ಬಂದರೆ ಅದನ್ನು ಬಹುಭ್ರೂಣತೆ ಎನ್ನಬಹುದೇ?